ನಡೆಯದ ಸಭೆಗೆ ನಾನು ಸಹಿ ಹಾಕಬೇಕಾ?

ಗೂಡು_ಚರಕ (ಶಿಡ್ಲಘಟ್ಟ ತಾಲ್ಲೂಕು)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರಾಗದೆ ಓದಿ.

ನಮ್ಮದು ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚೋ ಕೆಲಸ. ಮನೆ ಹಿಂದೇನೇ ಎರಡು ಚರಕ ಇದೆ, ಆ ವಾಸನೆ ಬಟ್ಟೆಗೂ ಹತ್ತುತ್ತೆ. ಮಗ ಏಳನೇ ಕ್ಲಾಸು, ಹೋಬಳಿ ಊರಿನ ಸರ್ಕಾರಿ ಶಾಲೆಗೆ ಬಸ್ಸಲ್ಲಿ ಹೋಗಿ ಬರ್ತಾನೆ. ದಸರಾ ರಜೆ ಮುಗಿದಾಗಿಂದ ಬೆಳಗಾದ್ರೆ ಸಾಕು, ಹೊಟ್ಟೆನೋವು. ಡಾಕ್ಟ್ರಿಗೆ ಎರಡು ಸಲ ತೋರಿಸಿದ್ವಿ, ಏನೂ ಇಲ್ಲ ಅಂದ್ರು. ಕೊನೆಗೆ ಗೊತ್ತಾಗಿದ್ದು ಪೌಡರ್ ಡಬ್ಬಿಯಿಂದ. ಮನೇಲಿ ಎರಡು ತಿಂಗಳು ಬರ್ತಿದ್ದ ಡಬ್ಬಿ ವಾರಕ್ಕೇ ಖಾಲಿ. ಮನೆಯವಳು ಅವನ ಯೂನಿಫಾರಂ ಒಗೆಯೋಕೆ ತೆಗೆದ್ರೆ ಕಾಲರ್ ಒಳಗೆ, ಕಂಕುಳಲ್ಲಿ, ಜೇಬಲ್ಲಿ ಎಲ್ಲಾ ಪೌಡರ್ ಮೆತ್ಕೊಂಡಿದೆ. ಕೂರಿಸಿಕೊಂಡು ಕೇಳಿದ್ಮೇಲೆ ಅತ್ತುಬಿಟ್ಟ. ಬಸ್ ಹತ್ತಿದ ತಕ್ಷಣ ನಾಲ್ಕೈದು ಹುಡುಗರು ಮೂಗು ಹಿಡ್ಕೊಂಡು "ಹುಳ ಬಂತು, ಹುಳ ಬಂತು" ಅಂತಾರಂತೆ. ಪಕ್ಕದಲ್ಲಿ ಯಾರೂ ಕೂರಲ್ಲ. ಒಂದಿನ ಜಾಮಿಟ್ರಿ ಬಾಕ್ಸ್ ತೆಗೆದ್ರೆ ಒಳಗೆ ಬೇಯಿಸಿದ ರೇಷ್ಮೆ ಹುಳ ಇತ್ತಂತೆ.

ಹೆಡ್‌ಮಾಸ್ಟ್ರಿಗೆ ಹೇಳ್ದೆ. "ಮಕ್ಕಳಾಟ ಬಿಡಿ. ಬಸ್ಸಲ್ಲಿ ನಡೆಯೋದಕ್ಕೆ ನಾವೇನು ಮಾಡೋಕಾಗುತ್ತೆ" ಅಂದ್ರು.

ಈಗ ಅಸಲು ವಿಷ್ಯ. ನಾನು ಆ ಶಾಲೆ ಅಭಿವೃದ್ಧಿ ಸಮಿತಿ, ಅಂದ್ರೆ ಎಸ್‌ಡಿಎಂಸಿ ಸದಸ್ಯ. ಮೊನ್ನೆ ಫೋನ್ ಬಂತು, ಮೇಲಿಂದ ಶಾಲಾ ಸುರಕ್ಷತೆ ಬಗ್ಗೆ ಅನುಪಾಲನಾ ವರದಿ ಕೇಳಿದ್ದಾರೆ, ಸೋಮವಾರದೊಳಗೆ ಕಳಿಸಬೇಕು, ಬಂದು ಸಹಿ ಹಾಕಿ ಅಂತ. ಹೋಗಿ ನೋಡಿದ್ರೆ ನಡಾವಳಿ ಪುಸ್ತಕದಲ್ಲಿ "ಮಕ್ಕಳ ರಕ್ಷಣಾ ಸಮಿತಿ"ದು ನಾಲ್ಕು ಸಭೆ. ನಾಲ್ಕರಲ್ಲೂ "ಯಾವುದೇ ದೂರು ಬಂದಿರುವುದಿಲ್ಲ". ಒಂದೇ ಕೈಬರಹ, ಒಂದೇ ಪೆನ್ನು. ಅಂಥದ್ದೊಂದು ಸಮಿತಿ ಇದೆ ಅಂತಲೇ ನಂಗೆ ಅವತ್ತು ಗೊತ್ತಾಗಿದ್ದು. ನಾನೂ ಅದರಲ್ಲಿ ಇದೀನಂತೆ! ನಾಳೆ ಬರ್ತೀನಿ ಅಂತ ಹೇಳಿ ಎದ್ದು ಬಂದೆ.

ಹಾಕಲಾ, ಬೇಡ್ವಾ? ಹಾಕದಿದ್ರೆ ಮಗ ಅಲ್ಲೇ ಓದ್ಬೇಕಲ್ಲ ಅನ್ನೋ ಭಯ.

ಮುಳಬಾಗಿಲು_ದೋಸೆ
ಹಾಕ್ಬೇಡಿ. ಅಷ್ಟೇ.

ಬಂಗಾರಪೇಟೆ_ಪ್ಯಾಸೆಂಜರ್
ಹೇಳೋದು ಸುಲಭ ಗುರುವೇ. ನಾಳೆ ಟಿಸಿ ಬೇಕು, ಜಾತಿ ಕಾಲಂ ತಿದ್ದಬೇಕು ಅಂದ್ರೆ ಅದೇ ಬಾಗಿಲಿಗೆ ಹೋಗ್ಬೇಕು ಅವರು.

ಏಕಶಿಲೆ_ಮಧುಗಿರಿ
ನಮ್ಮ ಕಾಲದಲ್ಲಿ ಇವೆಲ್ಲಾ ಇರ್ಲಿಲ್ಲ. ಹೊಡೆದಾಡ್ಕೊಂಡೇ ಬೆಳೆದ್ವಿ, ಗಟ್ಟಿಯಾದ್ವಿ. ಹುಡುಗನಿಗೆ ಹೇಳಿ, ಮುಂದಿನ ಸಲ ಮೂಗು ಹಿಡ್ಕೊಂಡವನ ಮೂಗಿಗೇ ಒಂದು ಗುದ್ದು ಅಂತ. ಸರ್ಕಾರ, ಸಮಿತಿ ಏನೂ ಬೇಕಾಗಲ್ಲ.

ತಿಪಟೂರು_ಕೊಬ್ಬರಿ
@ಏಕಶಿಲೆ ಅಣ್ಣ, ಆ ಕಡೆ ಐದು ಜನ, ಈ ಕಡೆ ಒಬ್ಬ. ಲೆಕ್ಕ ನೀವೇ ಹಾಕಿ.

ಏಕಶಿಲೆ_ಮಧುಗಿರಿ
ಅಭಿಮನ್ಯು ಒಬ್ಬನೇ ಅಲ್ವಾ ನುಗ್ಗಿದ್ದು.

ತಿಪಟೂರು_ಕೊಬ್ಬರಿ
ಹೊರಗೆ ಬಂದ್ನಾ?

ನಿವೃತ್ತ_ಮೇಷ್ಟ್ರು_ಕೋಲಾರ
ನಾನು 31 ವರ್ಷ ಮೇಷ್ಟ್ರಾಗಿದ್ದವನು, ಅದರಲ್ಲಿ ಕೊನೆಯ ಎಂಟು ವರ್ಷ ಮುಖ್ಯ ಶಿಕ್ಷಕ. ಒಂದು ಮಾತು ಒಪ್ಪಿಕೊಂಡೇ ಮುಂದೆ ಹೇಳುತ್ತೇನೆ. ಅಂಥ ನಡಾವಳಿಗಳನ್ನು ನಾನೂ ಬರೆದಿದ್ದೇನೆ.

ಅದು ಹೇಗೆ ನಡೆಯುತ್ತದೆ ಗೊತ್ತೇ? ಮಧ್ಯಾಹ್ನ ಮೂರೂವರೆಗೆ ವಾಟ್ಸ್ಆ್ಯಪ್ ಗುಂಪಿಗೆ ಸಿಆರ್‌ಪಿಯವರ (ಸುತ್ತಲಿನ ಶಾಲೆಗಳ ಉಸ್ತುವಾರಿ) ಸಂದೇಶ ಬರುತ್ತದೆ: "ಅತೀ ತುರ್ತು, ಇಂದು 5 ಗಂಟೆಯೊಳಗೆ ಲಗತ್ತಿಸಿದ ನಮೂನೆಯಲ್ಲಿ". ಸಿಆರ್‌ಪಿಗೆ ತಾಲ್ಲೂಕಿನ ಬಿಇಒ ಕಚೇರಿಯಿಂದ ಬಂದಿರುತ್ತದೆ, ಅಲ್ಲಿಗೆ ಜಿಲ್ಲೆಯ ಡಿಡಿಪಿಐ ಕಚೇರಿಯಿಂದ. ನಮೂನೆಯಲ್ಲಿ ಒಂದು ಕಾಲಂ: ಸ್ವೀಕೃತವಾದ ದೂರುಗಳ ಸಂಖ್ಯೆ. ಅಲ್ಲಿ ಸೊನ್ನೆ ಬರೆದರೆ ಯಾರೂ ಫೋನ್ ಮಾಡುವುದಿಲ್ಲ. ಒಂದು ಅಂತ ಬರೆದಿರೋ, ವಿವರಣೆ ಕೊಡಿ, ಕ್ರಮದ ವರದಿ ಕೊಡಿ, ಪೋಷಕರ ಹೇಳಿಕೆ ತನ್ನಿ, ಕೊನೆಗೆ "ನಿಮ್ಮ ಶಾಲೆಯಲ್ಲಿ ಮಾತ್ರ ಯಾಕೆ ಹೀಗೆ" ಎಂಬ ಪ್ರಶ್ನೆ. ಸೊನ್ನೆ ಬರೆದವನೇ ಜಾಣ. ಆ ಜಾಣತನವನ್ನು ಇಲಾಖೆಯೇ ನಮಗೆ ಕಲಿಸಿಕೊಟ್ಟಿತು, ನಾವೂ ಕಲಿತೆವು.

ನಿಮ್ಮ ಹೆಡ್‌ಮಾಸ್ಟ್ರು ಕೆಟ್ಟವರೇ ಆಗಿರಬೇಕು ಅಂತೇನಿಲ್ಲ. ಆದರೆ ಸಹಿ ಹಾಕಬೇಡಿ.

ಗೌರಿಬಿದನೂರು_ಟೀಚರ್
ಮೇಷ್ಟ್ರೇ, ನೀವು ಹೇಳಿದ್ದು ಅಕ್ಷರಶಃ ನಿಜ. ನಾನು ಸರ್ವಿಸ್‌ನಲ್ಲಿ ಇರೋದ್ರಿಂದ ಹೆಸರು, ಶಾಲೆ ಹೇಳಲ್ಲ. ನಾವು ಇಬ್ಬರು ಟೀಚರ್‌ಗಳು, ಐದು ತರಗತಿ. ಹಾಲು, ರಾಗಿ ಮಾಲ್ಟ್, ಮೊಟ್ಟೆ, ಮೊಟ್ಟೆ ಬೇಡ ಅಂದವರಿಗೆ ಬಾಳೆಹಣ್ಣು, ಅದರ ಲೆಕ್ಕ, ಮಕ್ಕಳ ಮಾಹಿತಿ ತುಂಬೋ ಸ್ಯಾಟ್ಸ್ ಎಂಟ್ರಿ, ವೋಟರ್ ಲಿಸ್ಟಿನ ಬಿಎಲ್‌ಒ ಡ್ಯೂಟಿ. ಇದರ ಮಧ್ಯ ಸಮಿತಿ ಸಭೆ.

ಆದ್ರೆ ಒಂದು ಹೇಳ್ತೀನಿ. ಮಕ್ಕಳು ಒಬ್ಬರನ್ನೊಬ್ಬರು ಕಾಡಿಸೋದು ಕ್ಲಾಸಲ್ಲಿ ಅಲ್ಲ. ಊಟದ ಹೊತ್ತಲ್ಲಿ, ನಲ್ಲಿ ಹತ್ರ. ನಮ್ಮಲ್ಲಿ ಇರೋದು ನಾಲ್ಕು ನಲ್ಲಿ, ಒಂದು ಕೆಟ್ಟಿದೆ. ದೊಡ್ಡ ಹುಡುಗರು ತಟ್ಟೆ ತೊಳೆಯೋಕೆ ಮುಂದೆ ನುಗ್ತಾರೆ, ಚಿಕ್ಕವರ ಮೇಲೆ ಎಂಜಲು ನೀರು ಚೆಲ್ತಾರೆ. ಒಂದು ಹುಡುಗಿ ತಟ್ಟೆ ತೊಳೀದೆ ಹಾಗೇ ಬ್ಯಾಗಲ್ಲಿ ಇಟ್ಕೊಂಡು ಮನೆಗೆ ಹೋಗ್ತಿದ್ಲು. ಪುಸ್ತಕಕ್ಕೆಲ್ಲಾ ಸಾಂಬಾರು. ನಾನು ಪುಸ್ತಕ ನೋಡಿ ಅವಳಿಗೇ ಬೈದಿದ್ದೆ, ಆಮೇಲೆ ಗೊತ್ತಾಗಿದ್ದು. ಆ ಸಂಕಟ ಇನ್ನೂ ಹೋಗಿಲ್ಲ. ಈಗ ನನ್ನ ಊಟದ ಕುರ್ಚೀನ ನಲ್ಲಿ ಪಕ್ಕ ಹಾಕ್ಕೊಂಡಿದೀನಿ. ಯಾವ ಸುತ್ತೋಲೆಯಲ್ಲೂ ಇಲ್ಲದ್ದು. ಮೊಟ್ಟೆ ಲೆಕ್ಕ ಮಾತ್ರ ದಿನಾ ಒಂದೆರಡು ತಪ್ಪುತ್ತೆ.

ಶ್ರೀನಿವಾಸಪುರ_ಮಾವು
ಮೇಡಂ 🙏

ವಕೀಲ_ಚಿಂತಾಮಣಿ
ಕಾನೂನು ಕಡೆಯಿಂದ ಒಂದಿಷ್ಟು, ಯಾಕಂದ್ರೆ ಇಲ್ಲಿ ಎಲ್ಲರೂ "ಆ್ಯಕ್ಟ್ ಇದೆ, ಆ್ಯಕ್ಟ್ ಇದೆ" ಅಂತ ಶುರು ಮಾಡ್ತಾರೆ.

ಶಾಲಾ ಮಕ್ಕಳು ಒಬ್ಬರನ್ನೊಬ್ಬರು ಪೀಡಿಸೋದಕ್ಕೆ ಅಂತಲೇ ದೇಶಕ್ಕೆಲ್ಲಾ ಒಂದು ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 17 ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ನಿಷೇಧಿಸುತ್ತೆ, ಆದ್ರೆ ಅದು ಮುಖ್ಯವಾಗಿ ಮೇಷ್ಟ್ರ ಬೆತ್ತದ ಬಗ್ಗೆ. ನಮ್ಮ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ರ‍್ಯಾಗಿಂಗ್‌ಗೆ ಶಿಕ್ಷೆ ಇದೆ, ಏಳನೇ ಕ್ಲಾಸಿನ ಹುಡುಗರ ಮೇಲೆ ಅದನ್ನ ಹಿಡ್ಕೊಂಡು ಹೋದ್ರೆ ನೀವೇ ನಗೆಪಾಟಲಾಗ್ತೀರಿ. ಸಿಬಿಎಸ್‌ಇ ಶಾಲೆಗಳಿಗೆ 2015ರಲ್ಲೇ ಪೀಡನೆ ತಡೆ ಸಮಿತಿ ಮಾಡಿ ಅಂತ ಸುತ್ತೋಲೆ ಹೋಗಿದೆ. ಸ್ಟೇಟ್ ಸಿಲಬಸ್‌ನವರಿಗೆ 2016ರ ಕರ್ನಾಟಕ ರಾಜ್ಯ ಮಕ್ಕಳ ರಕ್ಷಣಾ ನೀತಿ ಇದೆ.

ನಿಮಗೆ ಉಪಯೋಗಕ್ಕೆ ಬರೋದು 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ. 2017ರಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಬಾಲಕನ ಕೊಲೆ ಆದಮೇಲೆ ಅವನ ತಂದೆ ಸುಪ್ರೀಂ ಕೋರ್ಟಿಗೆ ಹೋಗಿದ್ರು, ಅದರ ಬೆನ್ನಿಗೆ ಬಂದಿದ್ದು. ಶಾಲಾ ಸುರಕ್ಷತೆಗೆ ಹೊಣೆ ಯಾರು ಅಂತ ಅದು ಹೇಳುತ್ತೆ. ಮಕ್ಕಳ ಮಧ್ಯದ ಪೀಡನೆ ತಡೆಯದಿರೋದು, ಮಗು ಹೇಳಿದ್ಮೇಲೂ ಸುಮ್ಮನೆ ಕೂರೋದು, ಎರಡನ್ನೂ ನಿರ್ಲಕ್ಷ್ಯದ ಪಟ್ಟಿಗೆ ಸೇರಿಸಿದ್ದಾರೆ. ಸರ್ಕಾರಿ, ಅನುದಾನಿತ, ಖಾಸಗಿ, ಎಲ್ಲಾ ಶಾಲೆಗೂ.

ಸಹಿ ವಿಷ್ಯ: ನೀವು ಹಾಜರಿರದ ಸಭೆಗೆ ಹಾಜರಿ ಹಾಕಿದ್ರೆ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದಾಗ "ದೂರು ಇರಲಿಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ" ಅಂತ ಅದೇ ಪುಟ ನಿಮ್ಮ ಮುಂದೆ ಇಡ್ತಾರೆ. ಜಗಳ ಬೇಡ ಅಂದ್ರೆ ಆ ಪುಟದಲ್ಲೇ "ಈ ಸಭೆಗೆ ನಾನು ಹಾಜರಿರಲಿಲ್ಲ" ಅಂತ ಬರೆದು, ಅದರ ಕೆಳಗೆ ಸಹಿ ಮಾಡಿ, ತಾರೀಕು ಹಾಕಿ. ಜೊತೆಗೆ ಮಗನ ವಿಷ್ಯ ಒಂದು ಬಿಳಿ ಹಾಳೇಲಿ ಬರೆದು ಕೊಟ್ಟು, ಸ್ವೀಕೃತಿ ಪಡೀರಿ. ಬಾಯಿಮಾತಿನ ದೂರಿಗೆ ಕಾಲಿಲ್ಲ.

ಬಂಗಾರಪೇಟೆ_ಪ್ಯಾಸೆಂಜರ್
ಸ್ವೀಕೃತಿ ಕೊಡಲ್ಲ ಅಂದ್ರೆ?

ವಕೀಲ_ಚಿಂತಾಮಣಿ
ಸ್ಪೀಡ್ ಪೋಸ್ಟ್ ಮಾಡಿ. ಅಂಚೆಯವರ ರಸೀದಿನೇ ಸ್ವೀಕೃತಿ.

ಪಾವಗಡ_ಬಿಸಿಲು
ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಅಂತ ಹೇಳೋಣ ಅಂದ್ರೆ ಅದನ್ನ ಮುಚ್ಚಿಬಿಟ್ರಂತಲ್ಲ.

ಅರಿವು_ಕೇಂದ್ರ_ಕೊರಟಗೆರೆ
ಮುಚ್ಚಿಲ್ಲ ಸಾರ್, ತಪ್ಪು ಮಾಹಿತಿ ಹರಡಬೇಡಿ. ಮೊದಲು ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೀತಿತ್ತು, 2023ರಲ್ಲಿ ಸರ್ಕಾರದ ಕೈಗೆ ಬಂದು ತುರ್ತು ನಂಬರ್ 112ರ ಜೊತೆ ಜೋಡಿಸಿದ್ರು. ನಂಬರ್ ಅದೇ. ಕರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರ ತನಕ ಹೋಗುತ್ತೆ. ದುಡ್ಡಿಲ್ಲ, ಕರೆನ್ಸಿ ಬೇಕಾಗಿಲ್ಲ.

ನಾನು ಪಂಚಾಯ್ತಿ ಲೈಬ್ರರಿ ನೋಡ್ಕೊಳ್ಳೋನು. ಮಕ್ಕಳ ಗ್ರಾಮ ಸಭೆ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ವರ್ಷಕ್ಕೊಂದು ಸಲ, ಸಾಮಾನ್ಯವಾಗಿ ನವೆಂಬರ್ ಆಸುಪಾಸು ಪಂಚಾಯ್ತಿಯವರು ನಡೆಸಬೇಕು. ಬಹಳ ಕಡೆ ಭಾಷಣ, ಹಾರ, ಬಿಸ್ಕತ್ತು, ಮುಗೀತು. ನಮ್ಮಲ್ಲಿ ಒಂದು ವರ್ಷ ಅಧ್ಯಕ್ಷರು ಬರೋದು ತಡ ಆಯ್ತು. ಕಾಯೋವಾಗ ಪಿಡಿಒ ಮೇಡಂ ಸುಮ್ನೆ ಮೈಕು ಮಕ್ಕಳ ಕೈಗೆ ಕೊಟ್ರು. ಆರನೇ ಕ್ಲಾಸಿನ ಹುಡುಗಿ ಎದ್ದು ನಿಂತು, "ನಮ್ಮ ಶೌಚಾಲಯಕ್ಕೆ ಚಿಲಕ ಇಲ್ಲ. ಹುಡುಗರು ಬಾಗಿಲು ತಳ್ಳಿ ಓಡ್ತಾರೆ. ಅದಕ್ಕೆ ನಾವು ಬೆಳಿಗ್ಗೆಯಿಂದ ನೀರು ಕುಡಿಯಲ್ಲ" ಅಂದ್ಲು. ಸಭೆ ತೆಪ್ಪಗಾಯ್ತು. ಎರಡೇ ದಿನಕ್ಕೆ ಮೂರು ಚಿಲಕ ಬಿತ್ತು. ಅಂಗಡಿಯಿಂದ ತಂದು ಸ್ಕ್ರೂ ತಿರುಗಿಸಿದ್ದು ನಾನೇ. ಆ ಶಾಲೆ ಗೋಡೆ ಮೇಲೆ ಮಕ್ಕಳ ಸುರಕ್ಷತೆ ಬಗ್ಗೆ ಬಣ್ಣದಲ್ಲಿ ಎಷ್ಟು ಚೆನ್ನಾಗಿ ಬರೆಸಿದ್ರು ಅಂತೀರಾ! ಆ ಬಣ್ಣದ ಖರ್ಚಲ್ಲಿ ಇಡೀ ಹೋಬಳಿಗೆ ಚಿಲಕ ಹಾಕಿಸ್ಬೋದಿತ್ತು.

ತುಮಕೂರು_ತಟ್ಟೆಇಡ್ಲಿ
ಸಲಹಾ ಪೆಟ್ಟಿಗೆ ಕಥೆ ಇದೇ ತರ. ನನ್ನ ತಂಗಿ ಮಗಳ ಶಾಲೇಲಿ ಪೆಟ್ಟಿಗೆ ಇಟ್ಟಿರೋದು ಎಲ್ಲಿ ಗೊತ್ತಾ? ಹೆಡ್‌ಮಾಸ್ಟ್ರ ಟೇಬಲ್ ಮೇಲೆ. ಬೀಗದ ಕೈ ಅವರ ಡ್ರಾಯರಲ್ಲಿ. ಚೀಟಿ ಹಾಕೋಕೆ "ಮೇ ಐ ಕಮಿನ್ ಸಾರ್" ಅನ್ಬೇಕು.

ಕೆಜಿಎಫ್_ಐದನೇ_ಲೈನು
😂😂

ನಿವೃತ್ತ_ಮೇಷ್ಟ್ರು_ಕೋಲಾರ
ಒಂದು ಸಣ್ಣ ವಿಷಯಾಂತರ, ಕನ್ನಡ ಮೇಷ್ಟ್ರ ಚಾಳಿ ಅಂತ ಕ್ಷಮಿಸಿ. ಇದಕ್ಕೆ ನಮ್ಮಲ್ಲಿ ಏನಂತ ಕರೀತೀರಿ? ಪತ್ರಿಕೆಯವರು "ಬುಲ್ಲಿಯಿಂಗ್" ಅಂತ ಬರೆಯುತ್ತಾರೆ, ಕೇಳಿದರೆ ಬುಲ್ಡೋಜರ್ ಸಂಬಂಧಿಯ ಹಾಗಿದೆ. ಇಲಾಖೆಯವರು "ಪೀಡನೆ" ಅನ್ನುತ್ತಾರೆ, ಯಾವ ಮಗುವೂ ಮನೆಗೆ ಬಂದು "ಅಮ್ಮಾ, ನನಗೆ ಪೀಡನೆಯಾಯಿತು" ಅನ್ನುವುದಿಲ್ಲ. ಪೋಷಕರು "ಕೀಟಲೆ" ಅನ್ನುತ್ತಾರೆ. ಕೀಟಲೆ ಎಂದರೆ ಕೃಷ್ಣ ಬೆಣ್ಣೆ ಕದ್ದದ್ದು, ಕೇಳಿದವರಿಗೆ ನಗು ಬರಬೇಕು. ದಿನವೂ ಒಂದೇ ಮಗುವನ್ನು ಹಿಡಿದು ಗುಂಪು ಕಟ್ಟಿಕೊಂಡು ಮಾಡುವುದಕ್ಕೆ ನಮ್ಮಲ್ಲಿ ಸರಿಯಾದ ಮಾತು ಇದೆ, ಗೋಳು ಹೊಯ್ದುಕೊಳ್ಳುವುದು. ನೋಡಿ, ಅದರಲ್ಲಿ ಗೋಳು ಯಾರದ್ದು ಎಂಬುದೂ ಇದೆ, ಹೊಯ್ದುಕೊಳ್ಳುವವರ ಖುಷಿಯೂ ಇದೆ. ಆ ಹೆಡ್‌ಮಾಸ್ಟ್ರು "ಮಕ್ಕಳಾಟ" ಅಂದದ್ದು ಪದದ ತಪ್ಪು. ಪದ ತಪ್ಪಿದರೆ ಕಾಲಂ ತಪ್ಪುತ್ತದೆ, ಕಾಲಂ ತಪ್ಪಿದರೆ ಸೊನ್ನೆ ಬರುತ್ತದೆ.

ಪಾವಗಡ_ಬಿಸಿಲು
ನಮ್ ಕಡೆ "ಆಡ್ಕೊಳ್ಳೋದು" ಅಂತಾರೆ. ನಾನು ಪಾವಗಡದಿಂದ ತುಮಕೂರಿಗೆ ಹೈಸ್ಕೂಲಿಗೆ ಬಂದಾಗ ಮನೇಲಿ ತೆಲುಗು, ಬಾಯಲ್ಲಿ ಕನ್ನಡ, ರಾಗ ಎರಡರದ್ದೂ. ಎದ್ದು ಉತ್ತರ ಹೇಳಿದ್ರೆ ಕ್ಲಾಸೆಲ್ಲಾ "ಏಮ್ರಾ ಏಮ್ರಾ" ಅಂತ ಕೂಗೋರು, ಮೇಷ್ಟ್ರೂ ನಗೋರು. ಅದಾದ ಮೇಲೆ ಮೂರು ವರ್ಷ ಕ್ಲಾಸಲ್ಲಿ ಕೈ ಎತ್ತಿಲ್ಲ ನಾನು.

ಕೆಜಿಎಫ್_ಐದನೇ_ಲೈನು
ನಮಗೆ ತಮಿಳಿನದು. ಸೇಮ್ ಪಿಂಚ್.

ಬೇತಮಂಗಲ_ಕೆರೆ
ಇದನ್ನ ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ನಾನು ಇನ್ನೊಂದು ಕಡೆಯವನು. ಗೋಳು ಹೊಯ್ಕೊಂಡವನು.

ನಮ್ಮ ಎಸ್‌ಎಸ್‌ಎಲ್‌ಸಿ ಬ್ಯಾಚಿನವರು ಸೇರಿ ಗುರುವಂದನೆ ಮಾಡೋಣ ಅಂತ ಹೋದ ವರ್ಷ ವಾಟ್ಸ್ಆ್ಯಪ್ ಗುಂಪು ಮಾಡಿದ್ವಿ. ಹುಡುಕಿ ಹುಡುಕಿ ಎಲ್ಲರನ್ನೂ ಸೇರಿಸಿದ್ವಿ. ಒಬ್ಬ ಇದ್ದ, ಸ್ವಲ್ಪ ತೊದಲು. ಅದಕ್ಕೆ ನಾನೇ ಇಟ್ಟಿದ್ದ ಒಂದು ಹೆಸರು ಮೂರು ವರ್ಷ ಓಡಿತ್ತು. ಅವನನ್ನ ಗುಂಪಿಗೆ ಸೇರಿಸಿದ ತಕ್ಷಣ ಯಾರೋ ಖುಷಿಗೆ ಅದೇ ಹೆಸರಲ್ಲಿ "ಬಂದ್ಯೇನೋ" ಅಂತ ಹಾಕಿದ್ರು. ಅರ್ಧ ನಿಮಿಷ ಆಗಿಲ್ಲ, ಕೆಳಗೆ ಅವನ ನಂಬರು, ಪಕ್ಕದಲ್ಲಿ "ಲೆಫ್ಟ್". 26 ವರ್ಷ ಆಗಿದೆ. ನಾನು ಮರೆತೇಬಿಟ್ಟಿದ್ದೆ. ಆ ನಂಬರು ಇನ್ನೂ ನನ್ನ ಫೋನಲ್ಲಿದೆ, ಮಾಡಿಲ್ಲ.

ಶ್ರೀನಿವಾಸಪುರ_ಮಾವು
ಮಾಡಿ ಅಣ್ಣ.

ಏಕಶಿಲೆ_ಮಧುಗಿರಿ
ಮಾಡ್ಬೇಡಿ. ನಿಮ್ಮ ಕ್ಷಮಾಪಣೆ ಕೇಳಿಸ್ಕೊಳ್ಳೋ ಕೆಲಸ ಬೇರೆ ಅವನಿಗೆ ಯಾಕೆ.

ಕ್ಯಾತ್ಸಂದ್ರ_ಟು_ಜೆರ್ಸಿ
ಊರಿನ ಚರ್ಚೆ ನೋಡಿ ಖುಷಿ ಆಯ್ತು. ಇಲ್ಲಿಯ ಒಂದು ವಿಷಯ ಹಂಚಿಕೊಳ್ತೀನಿ. ಅಮೆರಿಕದ ಶಿಕ್ಷಣ ಇಲಾಖೆಯಲ್ಲಿ ಸುರಕ್ಷಿತ ಶಾಲೆಗಳಿಗೆ ಅಂತಲೇ ಒಂದು ಕಚೇರಿ ಇತ್ತು. ಒಬಾಮ ಕಾಲದಲ್ಲಿ, 2009ರಿಂದ 2011ರವರೆಗೆ ಅದನ್ನು ನಡೆಸಿದವರು ಕೆವಿನ್ ಜೆನ್ನಿಂಗ್ಸ್, ಮೊದಲು ಇತಿಹಾಸದ ಮೇಷ್ಟ್ರಾಗಿದ್ದವರು, ಚಿಕ್ಕಂದಿನಲ್ಲಿ ಶಾಲೆಯಲ್ಲಿ ಸ್ವತಃ ಗೋಳು ಅನುಭವಿಸಿದವರು. 2010ರ ಆಗಸ್ಟ್‌ನಲ್ಲಿ ಈ ವಿಷಯಕ್ಕೇ ಮೊದಲ ರಾಷ್ಟ್ರೀಯ ಶೃಂಗಸಭೆ ಮಾಡಿದರು, 2011ರ ಮಾರ್ಚ್‌ನಲ್ಲಿ ಶ್ವೇತಭವನದಲ್ಲೇ ಸಮ್ಮೇಳನ ನಡೀತು. ಅಧ್ಯಕ್ಷರೇ ಕೂತು, ನನ್ನ ಕಿವಿ, ನನ್ನ ಹೆಸರು ನೋಡಿ ನನ್ನನ್ನೂ ಬಿಟ್ಟಿರಲಿಲ್ಲ ಅಂತ ಹೇಳಿಕೊಂಡರು.

ಬಂಗಾರಪೇಟೆ_ಪ್ಯಾಸೆಂಜರ್
ಅಲ್ಲಿ ಶಾಲೆಗೆ ಗನ್ ತಗೊಂಡು ಬರ್ತಾರೆ. ಅವರಿಂದ ನಾವು ಸುರಕ್ಷತೆ ಕಲೀಬೇಕಾ ಸಾರ್?

ಕ್ಯಾತ್ಸಂದ್ರ_ಟು_ಜೆರ್ಸಿ
ಅದನ್ನ ನಾನು ಅಲ್ಲಗಳೆಯಲ್ಲ, ನನ್ನ ಮಗಳೂ ಬಾಗಿಲು ಹಾಕ್ಕೊಂಡು ಬೆಂಚಿನ ಕೆಳಗೆ ಕೂರೋ ಡ್ರಿಲ್ ಮಾಡಿ ಬರ್ತಾಳೆ. ಕಾನೂನಿನ ವಿಷಯದಲ್ಲೂ ಇಲ್ಲೇನು ಎಲ್ಲಾ ನೆಟ್ಟಗಿಲ್ಲ. ಪೀಡನೆ ಬಗ್ಗೆ ಇಡೀ ದೇಶಕ್ಕೆ ಒಂದು ಕಾಯ್ದೆ ಇಲ್ಲಿಯೂ ಇಲ್ಲ. 1999ರಲ್ಲಿ ಜಾರ್ಜಿಯಾ ಮೊದಲು ಮಾಡಿತು, 2015ರಲ್ಲಿ ಕೊನೆಯದಾಗಿ ಮೊಂಟಾನಾ. 50 ರಾಜ್ಯ ಮುಗಿಯೋಕೆ 16 ವರ್ಷ.

ಆದ್ರೆ ನಾನು ಹೇಳಬೇಕು ಅಂತಿದ್ದದ್ದು ಬೇರೆ. ಆ ಕಚೇರಿ 2010ರಲ್ಲಿ 11 ರಾಜ್ಯಗಳಿಗೆ ಅನುದಾನ ಕೊಟ್ಟಿತು. ಅದರಲ್ಲಿ ಮೊದಲ ಕೆಲಸ ಮಕ್ಕಳನ್ನೇ ಕೇಳೋದು: ನಿನಗೆ ಈ ಶಾಲೆಯಲ್ಲಿ ಭಯ ಆಗುತ್ತಾ? ಉತ್ತರ ಯಾವ ಶಾಲೆಯಲ್ಲಿ ಕೆಟ್ಟದಾಗಿ ಬಂತೋ ಆ ಶಾಲೆಗೆ ದುಡ್ಡು. ಮೇಷ್ಟ್ರು ಮೇಲೆ ಬರೆದಿದ್ದು ನೋಡಿ ಅದು ನೆನಪಾಯ್ತು. ನಮ್ಮಲ್ಲಿ ಸೊನ್ನೆ ಬರೆದವನಿಗೆ ನೆಮ್ಮದಿ. ಅಲ್ಲಿ, ಆ ಯೋಜನೆ ಮಟ್ಟಿಗಾದ್ರೂ, ಸೊನ್ನೆ ಬರೆದವನಿಗೆ ದುಡ್ಡಿಲ್ಲ.

ನಿವೃತ್ತ_ಮೇಷ್ಟ್ರು_ಕೋಲಾರ
ಇದು ಕೆಲಸದ ಮಾತು.

ತಿಪಟೂರು_ಕೊಬ್ಬರಿ
ನಮ್ಮಲ್ಲಿ ಹಂಗೆ ಮಾಡಿದ್ರೆ ಎಲ್ಲಾ ಶಾಲೆಯವ್ರೂ ಭಯ ಇದೆ ಅಂತ ಬರೆಸಿ ದುಡ್ಡು ಎತ್ತುತಾರೆ, ಅಷ್ಟೇ.

ಮಾಲೂರು_ಹೆಂಚು
ಎಲ್ಲಾ ಮಕ್ಕಳ ಮಕ್ಕಳ ಜಗಳದ ಬಗ್ಗೆನೇ ಮಾತಾಡ್ತಿದೀರಿ. ನಮ್ಮ ತಾಲ್ಲೂಕಿನದು ಮರೆತೋಯ್ತಾ? 2023ರ ಡಿಸೆಂಬರ್‌ನಲ್ಲಿ ವಸತಿ ಶಾಲೆ ಮಕ್ಕಳನ್ನ ಶೌಚಗುಂಡಿಗೆ ಇಳಿಸಿದ್ರು. ವಿಡಿಯೊ ಹೊರಬಂದ ಮೇಲೆ ಅಮಾನತು, ಪೊಲೀಸ್ ಕೇಸು, ಮಂತ್ರಿಗಳ ಭೇಟಿ, ಎಲ್ಲಾ ಆಯ್ತು. ವಿಡಿಯೊ ಬರದಿದ್ರೆ? ಆ ಶಾಲೇಲೂ ಯಾವುದೋ ಸಮಿತಿ, ಯಾವುದೋ ಪುಸ್ತಕ, "ದೂರು ಇರುವುದಿಲ್ಲ" ಅಂತ ಇದ್ದೇ ಇರುತ್ತೆ ಅಂತ ನನ್ನ ಅನುಮಾನ.

ಇನ್ನೊಂದು. ಜಾತಿ ಹೆಸರು ಹಿಡಿದು ಕೂಗೋದನ್ನ ಕೀಟಲೆ, ಗೋಳು ಅಂತ ಯಾರೂ ಮೆತ್ತಗೆ ಮಾಡ್ಬೇಡಿ. ಅದಕ್ಕೆ 1989ರ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಇದೆ.

ವಕೀಲ_ಚಿಂತಾಮಣಿ
ಸರಿಯಾದ ಮಾತು. ಅದೇ ರೀತಿ ಮೈ ಮುಟ್ಟೋ ವಿಷ್ಯ ಬಂದ್ರೆ 2012ರ ಪೋಕ್ಸೊ. ಅಲ್ಲಿ ಸಮಿತಿ, ರಾಜಿ, ಪಂಚಾಯ್ತಿ ಯಾವುದೂ ಇಲ್ಲ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದವರಿಗೆ 6 ತಿಂಗಳವರೆಗೆ ಜೈಲು. ಸಂಸ್ಥೆ ಮುಖ್ಯಸ್ಥರು ತಮ್ಮ ಕೈಕೆಳಗಿನವರದ್ದು ಮುಚ್ಚಿಟ್ರೆ 1 ವರ್ಷದವರೆಗೆ.

ಆದ್ರೆ ಗೂಡು_ಚರಕ ಅವರ ಮಗನ ಕೇಸಲ್ಲಿ ಆ ಕಡೆಯ ಐವರೂ ಹನ್ನೆರಡು ಹದಿಮೂರರ ಮಕ್ಕಳೇ, ಅದೂ ನೆನಪಿರಲಿ. ಸ್ಟೇಷನ್ ಮೆಟ್ಟಿಲು ಹತ್ತಿಸೋ ವಿಷ್ಯ ಅಲ್ಲ ಇದು.

ಟಿಕೆಟ್_ಟಿಕೆಟ್
ನಾನು ಕೆಎಸ್‌ಆರ್‌ಟಿಸಿ ಕಂಡಕ್ಟರ್, ಚಿಕ್ಕಬಳ್ಳಾಪುರ ವಿಭಾಗ. ಎಲ್ಲಾ ಓದ್ದೆ. ಎಲ್ಲರೂ ಶಾಲೆ ಶಾಲೆ ಅಂತಿದೀರಿ, ನಡೆದಿದ್ದು ನಮ್ಮ ಬಸ್ಸಲ್ಲಿ.

ಬೆಳಗಿನ ಟ್ರಿಪ್ಪು ಹೆಂಗಿರುತ್ತೆ ಅಂತ ಒಂದಿನ ಬಂದು ನೋಡಿ. ಪಾಸಿನ ಮಕ್ಕಳೇ ಎಪ್ಪತ್ತು ಎಂಬತ್ತು, ಅದರ ಮೇಲೆ ಸಂತೆಗೆ ಹೋಗೋರು, ಹೂವಿನ ಮೂಟೆ, ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಕಳು. ಹಿಂದಿನ ಬಾಗಿಲ ಹತ್ರ ಏನ್ ನಡೀತಿದೆ ಅಂತ ನನಗೆ ಕಾಣಲ್ಲ, ಕೂಗು ಕೇಳುತ್ತೆ ಅಷ್ಟೇ. ಹುಡುಗರು ಹಿಂದಿನ ಉದ್ದ ಸೀಟು ಹಿಡಿಯೋದೇ ಅದಕ್ಕೆ. ಯಾರನ್ನ ಗೋಳಾಡಿಸ್ತಾರೋ ಆ ಹುಡುಗ ಯಾವಾಗಲೂ ಫುಟ್‌ಬೋರ್ಡ್ ಹತ್ರಾನೇ ನಿಂತಿರ್ತಾನೆ. ಇಳಿಯೋಕೆ ಸುಲಭ ಅಂತ. ಅದು ನನಗೆ ಇಷ್ಟು ವರ್ಷ ಬರೀ ಶೋಕಿ ಅಂತ ಅನ್ನಿಸಿತ್ತು, ಬೈತಾ ಇದ್ದೆ. ಇದನ್ನ ಓದಿದ್ಮೇಲೆ ಒಂದಿಬ್ಬರು ಹುಡುಗರ ಮುಖ ಕಣ್ಣ ಮುಂದೆ ಬಂತು.

ಅಣ್ಣ, ರೂಟು ಹೇಳಿ. ನನ್ನದಲ್ಲದಿದ್ರೂ ಡಿಪೋದಲ್ಲಿ ಆ ಗಾಡಿ ಕಂಡಕ್ಟರಿಗೆ ಒಂದು ಮಾತು ಹೇಳ್ತೀನಿ. ಡ್ರೈವರ್ ಹಿಂದಿನ ಸೀಟು ಚಿಕ್ಕ ಮಕ್ಕಳಿಗೆ ಅಂದ್ರೆ ಮುಗೀತು.

ಏಕಶಿಲೆ_ಮಧುಗಿರಿ
2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿಂದಲೇ ಈ ಗತಿ. ಫ್ರೀ ಅಂತ ಎಲ್ಲಾ ಹತ್ತಿಕೊಂಡು ದುಡ್ಡು ಕೊಟ್ಟವರಿಗೆ, ಸ್ಕೂಲ್ ಮಕ್ಕಳಿಗೆ ಜಾಗ ಇಲ್ಲ.

ಗುಬ್ಬಿ_ಅಕ್ಕ
ನನ್ನ ಮಗಳು ತುಮಕೂರಿಗೆ ಡಿಗ್ರಿಗೆ ಹೋಗ್ತಿರೋದೇ ಆ ಫ್ರೀಯಿಂದ. ಜಾಗ ಇಲ್ಲ ಅಂದ್ರೆ ಬಸ್ ಜಾಸ್ತಿ ಬಿಡಿ ಅಂತ ಕೇಳಿ, ಹೆಂಗಸರು ಇಳೀಲಿ ಅಂತ ಅಲ್ಲ.

ಏಕಶಿಲೆ_ಮಧುಗಿರಿ
ನಾನು ಇಳೀಲಿ ಅಂದ್ನಾ?

ಗುಬ್ಬಿ_ಅಕ್ಕ
ಇನ್ನೇನಂದ್ರಿ?

ತುಮಕೂರು_ತಟ್ಟೆಇಡ್ಲಿ
ಶಾಲೆ ಚರ್ಚೆ ಸಾರ್ ಇದು. ಶಕ್ತಿ, ಗೃಹಲಕ್ಷ್ಮಿ ಎಲ್ಲಾ ಪಕ್ಕದ ಬೀದಿ.

ನಿರ್ವಾಹಕ
ಬಸ್ ಟಿಕೆಟ್ ರಾಜಕೀಯಕ್ಕೆ ಬೇರೆ ಎಳೆ ಇದೆ. ಇಲ್ಲಿ ಮುಂದುವರಿಸಿದರೆ ತೆಗೆಯಲಾಗುವುದು.

ವಕೀಲ_ಚಿಂತಾಮಣಿ
ಕಂಡಕ್ಟರ್ ಸಾರ್ ಹೇಳಿದ್ದೇ ನಿಜವಾದ ತೂತು. ಶಾಲೆಯದೇ ವಾಹನ ಆದ್ರೆ ಶಾಲೆ ಹೊಣೆ. ಪಾಸ್ ತೋರಿಸಿ ಸಾರಿಗೆ ಬಸ್ ಹತ್ತೋ ಹಳ್ಳಿ ಮಗು ದಾರಿಯಲ್ಲಿ ಯಾರ ಹೊಣೆ ಅಂತ ಕೇಳಿದ್ರೆ ಎಲ್ಲರೂ ಪಕ್ಕದವರ ಮುಖ ನೋಡ್ತಾರೆ. ಈ ನಿಯಮ ಬರೆದವರ ಮಕ್ಕಳು ಯಾರೂ ಫುಟ್‌ಬೋರ್ಡಲ್ಲಿ ನಿಂತು ಶಾಲೆಗೆ ಹೋದಂಗಿಲ್ಲ.

ಗೌರಿಬಿದನೂರು_ಟೀಚರ್
@ಗೂಡು_ಚರಕ ಅಣ್ಣ, ಒಂದು ಕೆಲಸ ಮಾಡಿ. ಸಭೆ ನಡೆದಿಲ್ಲ ಅಂತ ಜಗಳ ಆಡೋ ಬದಲು, ಸಭೆ ನಡೆಸಿ ಅಂತ ಕೇಳಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆ ಅಭಿವೃದ್ಧಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರ್ಬೇಕು, ಅರ್ಧ ಹೆಣ್ಮಕ್ಕಳು. ಅಂದ್ರೆ ಅದು ನಿಮ್ಮದೇ ಸಮಿತಿ, ಹೆಡ್‌ಮಾಸ್ಟ್ರದ್ದಲ್ಲ. ಐದನೇ ಸಭೆ ಅಂತ ಹೊಸ ಪುಟದಲ್ಲಿ ನಿಜವಾಗ್ಲೂ ಒಂದು ನಡೀಲಿ. ಮತ್ತೆ ಆ ಐದು ಮಕ್ಕಳ ಹೆಸರು ಸಭೇಲಿ ತೆಗೀಬೇಡಿ, ಮನೇಲಿ ಹೊಡೀತಾರೆ. ಹೊಡೆಸ್ಕೊಂಡು ಬಂದ ಮಗು ಮಾರನೇ ದಿನ ನಿಮ್ಮ ಮಗನ ಮೇಲೇ ತೀರಿಸ್ಕೊಳ್ಳುತ್ತೆ. ಅನುಭವದಿಂದ ಹೇಳ್ತಿದೀನಿ.

ಗೂಡು_ಚರಕ (ಶಿಡ್ಲಘಟ್ಟ ತಾಲ್ಲೂಕು)
ಎಲ್ಲರಿಗೂ ಧನ್ಯವಾದ. ಇಷ್ಟು ಜನ ಓದ್ತೀರಿ ಅಂದ್ಕೊಂಡಿರ್ಲಿಲ್ಲ. ಮನೆಯವಳಿಗೂ ಓದಿ ಹೇಳ್ದೆ. ರೂಟು ಇಲ್ಲಿ ಬೇಡ, ಕಂಡಕ್ಟರ್ ಅಣ್ಣನಿಗೆ ಬೇರೆ ಸಂದೇಶ ಕಳಿಸ್ತೀನಿ. ನಾಳೆ ಹೋಗ್ತೀನಿ.

ಮುಳಬಾಗಿಲು_ದೋಸೆ
ಏನಾಯ್ತು ಅಂತ ಬಂದು ಹೇಳಿ. ಅರ್ಧಕ್ಕೆ ಬಿಡ್ಬೇಡಿ.

ಮುಳಬಾಗಿಲು_ದೋಸೆ
ನಾಲ್ಕು ದಿನ ಆಯ್ತು 🙄

ಗೂಡು_ಚರಕ (ಶಿಡ್ಲಘಟ್ಟ ತಾಲ್ಲೂಕು)
ಕ್ಷಮಿಸಿ, ಕೆಲಸ ಜಾಸ್ತಿ ಇತ್ತು, ಕರೆಂಟೂ ಕೈ ಕೊಟ್ಟಿತ್ತು.

ಹೋದೆ. ವಕೀಲ್ ಸಾರ್ ಹೇಳ್ದಂಗೆ ಬರೆಯೋಕೆ ಪೆನ್ನು ತೆಗೆದೆ. ಹೆಡ್‌ಮಾಸ್ಟ್ರು ಕೈ ಹಿಡ್ಕೊಂಡ್ರು. ಬೈತಾರೆ ಅಂದ್ಕೊಂಡೆ. ಕುರ್ಚಿ ಎಳೆದು ಕೂತು, "ನನಗಿನ್ನು ಹದಿನಾಲ್ಕು ತಿಂಗಳು ಸರ್ವಿಸ್ ಇದೆ ಕಣಪ್ಪ" ಅಂದ್ರು. ಅಷ್ಟೇ. ನಂಗೂ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ಟೀಚರಮ್ಮ ಹೇಳ್ದಂಗೆ, ಹಳೇ ಪುಟ ನಾನು ಮುಟ್ಟಲ್ಲ ಸಾರ್, ನಿಜವಾದ ಸಭೆ ಒಂದು ಕರೀರಿ, ಅದಕ್ಕೆ ಹಾಕ್ತೀನಿ ಅಂದೆ. ಹಳೇ ನಾಲ್ಕು ಪುಟ ನನ್ನ ಸಹಿ ಇಲ್ಲದೇ ಹೋಯ್ತೋ, ಯಾರಾದ್ರೂ ಹಾಕಿದ್ರೋ ಗೊತ್ತಿಲ್ಲ, ಕೇಳೋಕೂ ಹೋಗಿಲ್ಲ.

ಶನಿವಾರ ಸಭೆ ಆಯ್ತು. ಒಂಬತ್ತು ಜನ ಬಂದಿದ್ರು, ಆರು ಜನ ಹೆಂಗಸರು. ಹೆಸರು ಯಾರದ್ದೂ ತೆಗೀಲಿಲ್ಲ. ಮಕ್ಕಳಿಗೆಲ್ಲಾ ಒಂದೊಂದು ಚೀಟಿ ಕೊಟ್ಟು, ಶಾಲೆಗೆ ಬರೋ ದಾರೀಲಿ, ಶಾಲೇಲಿ ನಿಮಗೆ ಇಷ್ಟ ಇಲ್ಲದ ಜಾಗ ಯಾವುದು, ಹೆಸರು ಬರೀಬೇಡಿ ಅಂದ್ವಿ. ಬಸ್ಸು ಅಂತ ಬಹಳ ಜನ ಬರೆದಿದ್ರು, ನನ್ನ ಮಗ ಒಬ್ಬನೇ ಅಲ್ಲ. ಸ್ಟೋರ್ ರೂಂ ಹಿಂದೆ ಅಂತ ಹುಡುಗಿಯರು ಬರೆದಿದ್ರು, ಅದು ಯಾಕೆ ಅಂತ ಇನ್ನೂ ವಿಚಾರಿಸ್ತಿದೀವಿ, ಮೇಡಂ ಒಬ್ರು ನೋಡ್ಕೊಳ್ತಿದಾರೆ.

ಮೊದಲು "ಹುಳ" ಅಂತ ಶುರು ಮಾಡಿದ ಹುಡುಗ ಯಾರು ಅಂತ ಆಮೇಲೆ ಮಗನೇ ಹೇಳ್ದ. ಅವನಪ್ಪ ನಮ್ಮ ಪಕ್ಕದೂರಿನ ಫಿಲೇಚರಲ್ಲಿ, ಅಂದ್ರೆ ರೇಷ್ಮೆ ನೂಲು ಬಿಚ್ಚೋ ಕಾರ್ಖಾನೇಲಿ, ಕೂಲಿ. ಅವನ ಅಂಗಿನೂ ಅದೇ ವಾಸನೆ ಇರುತ್ತೆ. ನಂಗೆ ಕೋಪನೇ ಬರ್ಲಿಲ್ಲ, ಏನೋ ಒಂಥರಾ ಆಯ್ತು. ಅವನಪ್ಪನಿಗೆ ಹೇಳಿಲ್ಲ.

ಕಂಡಕ್ಟರ್ ಅಣ್ಣ ಹೇಳಿದ್ದಕ್ಕೆ ಆ ಗಾಡೀಲಿ ಡ್ರೈವರ್ ಹಿಂದೆ ಜಾಗ ಕೊಡ್ತಿದಾರೆ. ಇವತ್ತು ಹೋದ. ಪೌಡರ್ ಹಾಕ್ಕೊಂಡೇ ಹೋದ, ಆದ್ರೆ ಹೊಟ್ಟೆನೋವು ಅನ್ಲಿಲ್ಲ.

ನಿವೃತ್ತ_ಮೇಷ್ಟ್ರು_ಕೋಲಾರ
ಐದನೇ ಸಭೆಯ ನಡಾವಳಿ ಬರೆದವರು ಯಾರು?

ಗೂಡು_ಚರಕ (ಶಿಡ್ಲಘಟ್ಟ ತಾಲ್ಲೂಕು)
ನಾನೇ ಮೇಷ್ಟ್ರೇ. ಅಕ್ಷರ ಸರಿ ಇಲ್ಲ, ತಪ್ಪೂ ಇರಬಹುದು. ದೂರುಗಳ ಸಂಖ್ಯೆ ಅನ್ನೋ ಕಡೆ 23 ಅಂತ ಹಾಕಿದೀನಿ, ಚೀಟಿ ಎಣಿಸಿ.

ಬಂಗಾರಪೇಟೆ_ಪ್ಯಾಸೆಂಜರ್
ಬಿಇಒ ಆಫೀಸಿಂದ ಫೋನ್ ಬರೋದು ಗ್ಯಾರಂಟಿ 😄

ಶ್ರೀನಿವಾಸಪುರ_ಮಾವು
ಅಣ್ಣ, ಅದಿರಲಿ, ಶಿಡ್ಲಘಟ್ಟ ಮಾರ್ಕೆಟ್ಟಲ್ಲಿ ಇವತ್ತು ಗೂಡಿನ ರೇಟ್ ಎಷ್ಟು? ನಮ್ಮ ಭಾವನ ಬೆಳೆ ನಾಳೆ ಬಿಡಿಸ್ತಾರೆ.

ಗೂಡು_ಚರಕ (ಶಿಡ್ಲಘಟ್ಟ ತಾಲ್ಲೂಕು)
ಇನ್ನೂ ಹೊರಟಿಲ್ಲ ಅಣ್ಣ. ಹರಾಜು ಮುಗಿಸ್ಕೊಂಡು ಬಂದು ಹಾಕ್ತೀನಿ.